ಒಳಗಿನ ಆಟ, ಹೊರಗಿನ ಆಟ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕೊಪ್ಪದ ಕಡೆಯ ಮನೆಗಳಲ್ಲಿ ಒಂದು ಮಾತು ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತದೆ: “ಮಗೂ, ಹೊರಗೆ ಹೋಗಬೇಡ.” ಅದರ ಬೆನ್ನಿಗೇ ಇನ್ನೊಂದು ಮಾತು: “ಒಳಗೆ ಗಲಾಟೆ ಮಾಡಬೇಡ.” ಈ ಎರಡು ಬೇಡಗಳ ನಡುವೆ ನಾಲ್ಕು ವರ್ಷದ ಮಗು ಎಲ್ಲಿಗೆ ಹೋಗಬೇಕು? ತಾವು ಎಂದಾದರೂ ಯೋಚಿಸಿದ್ದುಂಟೆ? ನಾನು ಮೂವತ್ತು ವರ್ಷಕ್ಕೂ ಮೇಲೆ ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವಳು. ನಾನೂ ಯೋಚಿಸಿರಲಿಲ್ಲ. ನನ್ನ ಮೊಮ್ಮಗ ಯೋಚಿಸುವಂತೆ ಮಾಡಿದ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ವರ್ಷವೆಂಬುದು ಎರಡು ಹೋಳು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸೂರಿನ ಕೆಳಗೆ. ಉಳಿದ ಎಂಟು ತಿಂಗಳು ಆಕಾಶದ ಕೆಳಗೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆ ಶೃಂಗೇರಿಯವರಿಗೆ ನೆರೆಮನೆ. ಮೋಡ ಮೂಡಣಕ್ಕೆ ಸರಿದು ನರಸಿಂಹರಾಜಪುರಕ್ಕೆ ಬರುವ ಹೊತ್ತಿಗೆ ಅದರ ಭಾರ ಬಹಳ ಇಳಿದಿರುತ್ತದೆ, ನಿಜ. ಆದರೂ ಭದ್ರೆಯ ಹಿನ್ನೀರಿನ ಬದಿಯ ತಾಯಂದಿರು ಮಕ್ಕಳನ್ನು ಹೊರಗೆ ಬಿಡಲು ಹೆದರುವುದು ಶೃಂಗೇರಿಯ ತಾಯಂದಿರಿಗಿಂತ ಕಡಮೆಯೇನಲ್ಲ.

ಹಿಂದಿನವರು ಈ ಎರಡು ಹೋಳನ್ನೂ ಹೊಲಿದು ಸೇರಿಸುವ ಒಂದು ಜಾಗವನ್ನು ಮನೆಯಲ್ಲಿ ಇಟ್ಟುಕೊಂಡಿದ್ದರು. ಅದೇ ಜಗಲಿ. ಅತ್ತ ಒಳಗೂ ಅಲ್ಲ, ಇತ್ತ ಹೊರಗೂ ಅಲ್ಲ. ತಲೆಯ ಮೇಲೆ ಮಾಡು ಉಂಟು, ಎದುರಿಗೆ ಗೋಡೆ ಇಲ್ಲ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಆ ಕುಪ್ಪಳಿಯ ಮನೆ ಈಗ ಎಲ್ಲರೂ ಹೋಗಿ ನೋಡಬಹುದಾದ ಸ್ಮಾರಕವಾಗಿದೆ. ತಾವು ಹೋದಾಗ ಪಾತ್ರೆ ಪರಡಿಗಳನ್ನೂ ಹಸ್ತಪ್ರತಿಗಳನ್ನೂ ನೋಡಿ. ಆದರೆ ಒಂದು ಗಳಿಗೆ ಕುಳಿತು, ಅಂಥ ಮನೆಯಲ್ಲಿ ಒಂದು ಮಗು ನಡುಮನೆಯಿಂದ ಕಾಡಿನವರೆಗೆ ಎಷ್ಟು ಮೆಟ್ಟಿಲಾಗಿ ಹೊರಗೆ ಬರುತ್ತಿತ್ತು ಎಂಬುದನ್ನೂ ಎಣಿಸಿ ನೋಡಿ. ನಡುಮನೆ, ಜಗಲಿ, ಅಂಗಳ, ಕೊಟ್ಟಿಗೆ, ಹಿತ್ತಲು, ತೋಟ, ಆಮೇಲೆ ಕಾಡು. ಒಂದೊಂದು ವಯಸ್ಸಿಗೆ ಒಂದೊಂದು ಎಲ್ಲೆ.

ನಮ್ಮ ಮನೆಯಲ್ಲಿ ಏನಾಯಿತು, ಕೇಳಿ. ಕೆಲವು ವರ್ಷಗಳ ಹಿಂದೆ ಹಳೆಯ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದೆವು. ಜಗಲಿ ಬೇಡವೆಂದು ಹಟ ಹಿಡಿದವಳು ನಾನೇ. ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ, ಪಾಚಿ ಕಟ್ಟುತ್ತದೆ, ನಾಯಿ ಬಂದು ಮಲಗುತ್ತದೆ, ಒರೆಸುವವರು ಯಾರು ಎಂದು ನನ್ನ ವಾದ. ಜಗಲಿಯ ಜಾಗವೆಲ್ಲ ಹಾಲಿನೊಳಕ್ಕೆ ಸೇರಿತು. ಬಾಗಿಲಿನಿಂದ ಎರಡು ಮೆಟ್ಟಿಲಿಳಿದರೆ ನೇರವಾಗಿ ಮಳೆ. ಅಂಗಳಕ್ಕೆ ಕಾರು ನಿಲ್ಲಲೆಂದು ಸಿಮೆಂಟಿನ ಇಟ್ಟಿಗೆ ಹಾಸಿಸಿದೆವು. ಮನೆ ಚೆನ್ನಾಗಿದೆ ಎಂದು ಬಂದವರೆಲ್ಲ ಹೇಳಿದರು. ನನಗೂ ಹೆಮ್ಮೆಯೇ.

ಮಗನೂ ಸೊಸೆಯೂ ಊರಿಗೆ ಬಂದು ನೆಲಸಿದ ವರ್ಷ ಮೊಮ್ಮಗನಿಗೆ ನಾಲ್ಕು ತುಂಬಿತ್ತು. ಜೂನ್ ತಿಂಗಳ ನಡುವಿನಿಂದ ಮಳೆ. ಹುಡುಗ ಬಹಳ ಸಾಧು. ಹಾಲಿನ ಮೂಲೆಯಲ್ಲಿ ಮೊಬೈಲು ಹಿಡಿದು ಕೂತರೆ ಕೂತ. ಊಟ ಹಾಕಿದರೆ ಉಂಡ. ಮನೆಯಲ್ಲಿ ಮಗುವಿದೆಯೆಂಬುದೇ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಅದು ನಮಗೆ ಹಿತವಾಗಿಯೇ ಇತ್ತು. ಆಗಸ್ಟಿನಲ್ಲಿ ಒಂದು ದಿನ ಬಿಸಿಲು ಬಿತ್ತು. ಅವನನ್ನು ಕರೆದುಕೊಂಡು ಹೊರಗೆ ಹೊರಟೆ. ಬಾಗಿಲ ಮುಂದಿನ ಆ ಎರಡು ಮೆಟ್ಟಿಲ ಮೇಲೆ ನಿಂತು ಹುಡುಗ ಅಳತೊಡಗಿದ. ಇಳಿಯಲು ಹೆದರಿಕೆ. ಒದ್ದೆ ಮಣ್ಣು ಕಾಲಿಗೆ ತಗುಲಿದ್ದಕ್ಕೆ ಇನ್ನೂ ಅಳು. ಮಾತನಾಡುವುದು ಕೂಡ ಎರಡು ಮೂರು ಪದಕ್ಕೆ ಮೇಲೆ ಹೋಗುತ್ತಿರಲಿಲ್ಲ ಎಂಬುದು ಆಗ ನನ್ನ ಲಕ್ಷ್ಯಕ್ಕೆ ಬಂತು. ಊರಿನ ಮಕ್ಕಳಿಗೆಲ್ಲ ಮಾತು ಕಲಿಸಿದವಳ ಮನೆಯಲ್ಲಿ!

ಮಗು ಹೊರಗೆ ಕಲಿಯುವುದೇನು, ಒಳಗೆ ಕಲಿಯುವುದೇನು ಎಂದು ಆ ಮೇಲೆ ನಾನು ಹೊಸದಾಗಿ ನೋಡಲು ಶುರುಮಾಡಿದೆ.

ಹೊರಗಿನ ಆಟವನ್ನೇ ಮೊದಲು ತೆಗೆದುಕೊಳ್ಳೋಣ. ಅಡಕೆ ಹಾಳೆಯನ್ನು ಬಲ್ಲದವರು ನಮ್ಮಲ್ಲಿ ಯಾರು? ಒಬ್ಬ ಹಾಳೆಯ ಮೇಲೆ ಕೂರುತ್ತಾನೆ, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯುತ್ತಾನೆ. ಇಷ್ಟೇ ಆಟ. ಆದರೆ ನೋಡಿ: ಸಣ್ಣವನು ಕೂತರೆ ಹಾಳೆ ಓಡುತ್ತದೆ, ದೊಡ್ಡವನು ಕೂತರೆ ಅಲ್ಲಾಡುವುದಿಲ್ಲ. ಇಳಿಜಾರಿನಲ್ಲಿ ಸರ್ರನೆ ಜಾರುತ್ತದೆ, ಏರಿನಲ್ಲಿ ಹಟ ಮಾಡುತ್ತದೆ. ಒಣ ನೆಲದಲ್ಲಿ ಒಂದು ಬಗೆ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಇನ್ನೊಂದು ಬಗೆ. ಮುಂದೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಘರ್ಷಣೆ, ಭಾರ, ಇಳಿಜಾರು ಎಂದು ಕಪ್ಪು ಹಲಗೆಯ ಮೇಲೆ ಬರೆಯುವುದೆಲ್ಲ ಆ ಮಗುವಿನ ತೊಡೆಗೂ ತೋಳಿಗೂ ಆಗಲೇ ಗೊತ್ತು. ಅದಲ್ಲದೆ, “ಈಗ ನನ್ನ ಸರದಿ” ಎಂಬ ಮಾತು! ನ್ಯಾಯಶಾಸ್ತ್ರವೆಲ್ಲ ಹುಟ್ಟಿದ್ದು ಆ ಒಂದು ಮಾತಿನಿಂದಲೇ ಇರಬೇಕೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಶೃಂಗೇರಿಯ ತುಂಗಾ ತೀರದಲ್ಲಿ ಮೀನಿಗೆ ಮಂಡಕ್ಕಿ ಹಾಕುವ ಮಕ್ಕಳನ್ನು ತಾವು ನೋಡಿದ್ದೀರಿ. ಒಂದು ಹಿಡಿ ಒಮ್ಮೆಗೇ ಎಸೆದರೆ ನೂರು ಬಾಯಿ. ಒಂದೊಂದೇ ಕಾಳು ಎಸೆದರೆ ಒಂದೊಂದೇ ಬಾಯಿ. ಎಸೆದು, ಕಾದು, ನೋಡಿ, ಮತ್ತೆ ಎಸೆಯುವ ಮಗುವಿಗೆ ತಾಳ್ಮೆಯ ಪಾಠವನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಕೈ ಮಾತ್ರ ದೊಡ್ಡವರ ಕೈಯಲ್ಲಿ ಇರಬೇಕು.

ಹೊರಗಿನ ಬೆಳಕು ಕಣ್ಣಿಗೂ ಬೇಕು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಒಂದು ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು, ಮತ್ತೇನೂ ಮಾಡಲಿಲ್ಲ. ಮೂರು ವರ್ಷದ ಮೇಲೆ ನೋಡಿದರೆ, ಹಾಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸಮೀಪದೃಷ್ಟಿ ಬಂದಿತ್ತು. ಬಿಡದ ಮಕ್ಕಳಲ್ಲಿ ಸುಮಾರು 40 ಮಂದಿಗೆ. ಮೋಡ ಕವಿದ ದಿನವೂ ಹೊರಗಿನ ಬೆಳಕು ನಮ್ಮ ಹಾಲಿನ ದೀಪದ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚು ಎಂಬುದನ್ನು ನೆನಪಿಟ್ಟರೆ, ಜಗಲಿಗೆ ಇನ್ನೊಂದು ಬೆಲೆ ಬರುತ್ತದೆ.

ಮಣ್ಣಿನ ವಿಷಯವೂ ಹಾಗೆಯೇ. ಫಿನ್ಲೆಂಡ್ ದೇಶದಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಪಾಲನಾಗೃಹಗಳ ಜಲ್ಲಿಯ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲು ಹಾಸಿ, 28 ದಿನ ಆಡಲು ಬಿಟ್ಟರು. ಮಕ್ಕಳ ಚರ್ಮದ ಮೇಲಿನ ಉಪಕಾರಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆ ಹದವಾಗುತ್ತಿರುವ ಗುರುತುಗಳು ಕಂಡುವು ಎಂದು 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಬರೆದರು. ಅವರು ಲಾರಿಯಲ್ಲಿ ತರಿಸಿದ್ದನ್ನು ನಾವು ಹಣ ಕೊಟ್ಟು ಸಿಮೆಂಟಿನಿಂದ ಮುಚ್ಚಿಸಿದ್ದೇವೆ.

ಆದರೆ ಕಾಡಿನ ಮಣ್ಣೆಲ್ಲ ಒಳ್ಳೆಯದೆಂದು ಹೇಳಿ ಕೈ ತೊಳೆದುಕೊಳ್ಳಲು ನಮ್ಮ ಸೀಮೆಯಲ್ಲಿ ಬರುವುದಿಲ್ಲ. ಮಂಗನ ಕಾಯಿಲೆಯ ಹೆಸರನ್ನು ತಾವೆಲ್ಲ ಕೇಳಿದ್ದೀರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಗೆ ಬಂದ ಈ ರೋಗ 2024ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿತು. ಉಣುಗು ಕಚ್ಚಿ ಹರಡುವ ಈ ಜ್ವರದ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ಮಕ್ಕಳು ಹೊರಗೆ ಆಡುವ ಕಾಲವೇ. ಆದುದರಿಂದ ಆ ತಿಂಗಳುಗಳಲ್ಲಿ ಕಾಡಿನಂಚಿನ ದರಗಿನ ರಾಶಿಯಲ್ಲಿ ಎಳೆಯ ಮಕ್ಕಳನ್ನು ಆಡಬಿಡಬಾರದು. ಮಂಗ ಸತ್ತ ಕಡೆಗಂತೂ ಸುಳಿಯಲೇ ಬಾರದು. ಆರೋಗ್ಯ ಇಲಾಖೆಗೆ ತಿಳಿಸಬೇಕು. ಹೊರಗಿನಿಂದ ಬಂದ ಮಗುವಿನ ಬಟ್ಟೆ ಬಿಚ್ಚಿ, ಕಂಕುಳು, ಕಿವಿಯ ಹಿಂದೆ, ತೊಡೆಸಂದು ನೋಡಿ, ಬಿಸಿನೀರು ಹಾಕಿ ಮೀಯಿಸಬೇಕು. ಇಂಬಳಕ್ಕೆ ಹೆದರಬೇಕಾಗಿಲ್ಲ, ಅದು ರಕ್ತ ಕುಡಿದು ಹೋಗುತ್ತದೆ, ಅಷ್ಟೆ. ಬಾವಿಗೆ, ಕೆರೆಗೆ, ತೋಟದ ಕಪ್ಪಿಗೆ ಹೆದರಬೇಕು. ಆರು ವರ್ಷದೊಳಗಿನ ಮಗುವಿಗೂ ನೀರಿಗೂ ನಡುವೆ ದೊಡ್ಡವರೊಬ್ಬರ ಕಣ್ಣು ತಪ್ಪದೆ ಇರಬೇಕು.

ಇಲ್ಲಿಯೇ ನಮ್ಮ ಹಿರಿಯರ ಅಂಗಳದ ಜಾಣತನ ನನಗೆ ಅರ್ಥವಾದದ್ದು. ಮಳೆಗಾಲದಲ್ಲಿ ಅಂಗಳಕ್ಕೆ ಸೋಗೆ ಹೊದಿಸುತ್ತಿದ್ದರು. ಮಳೆ ಹಿಂದಾದ ಮೇಲೆ ಪಾಚಿ ಕೆತ್ತಿ, ಮಣ್ಣು ಹಾಕಿ, ಬಡಿದು, ಸಗಣಿ ಸಾರಿಸಿ ಹೊಸ ಅಂಗಳ ಮಾಡುತ್ತಿದ್ದರು. ಅಡಕೆ ಒಣಗಿಸುವುದಕ್ಕೆ, ಬತ್ತ ಬಡಿಯುವುದಕ್ಕೆ ಎಂದು ಮಾಡಿದ್ದೇ ಹೊರತು ಮಕ್ಕಳಿಗಾಗಿ ಅಲ್ಲ. ಆದರೂ ದರಗಿಲ್ಲದ, ದಿನವೂ ಗುಡಿಸಿದ, ಅಡಿಗೆಮನೆಯಿಂದ ಕಣ್ಣಿಗೆ ಕಾಣುವ ಆ ಮಣ್ಣಿನ ಚೌಕ ಕಾಡಿಗೂ ಮನೆಗೂ ನಡುವೆ ಮಗುವಿಗೆ ದೊರೆತ ರಕ್ಷೆಯ ಬಯಲಾಗಿತ್ತು. ಕುಂಟಾಬಿಲ್ಲೆಯ ಗೆರೆ ಬರೆದದ್ದು ಅಲ್ಲಿ, ಬುಗುರಿ ಆಡಿದ್ದು ಅಲ್ಲಿ, ಬಿದ್ದು ಮೊಣಕಾಲು ತರಚಿಕೊಂಡದ್ದೂ ಅಲ್ಲಿಯೇ.

ಇನ್ನು ಒಳಗಿನ ಆಟ. ಹೊರಗೆ ಮಗುವಿನ ಮೈ ದೊಡ್ಡದಾಗುತ್ತದೆ, ಒಳಗೆ ಲಕ್ಷ್ಯ ಕಿರಿದಾಗಿ ಮೊನಚಾಗುತ್ತದೆ. ಚನ್ನೆಮಣೆಯನ್ನೇ ನೋಡಿ. ಎರಡು ಸಾಲಿಗೆ ಏಳೇಳರಂತೆ 14 ಗುಳಿ, ಗುಳಿಗೆ ನಾಲ್ಕು ಕಾಳು, ಒಟ್ಟು 56. ಒಂದೊಂದೇ ಬಿತ್ತುತ್ತ ಹೋಗುವ ಬೆರಳುಗಳು ‘ಒಂದಕ್ಕೆ ಒಂದು’ ಎಂಬ ಎಣಿಕೆಯ ಮೂಲವನ್ನು ಹಿಡಿಯುತ್ತವೆ. ಸ್ವಲ್ಪ ದಿನ ಕಳೆದರೆ, ಎಣಿಸದೆಯೇ ‘ಇಲ್ಲಿ ನಾಲ್ಕು ಇದೆ’ ಎಂದು ಕಣ್ಣೇ ಹೇಳುತ್ತದೆ. ಐದು ವರ್ಷದೊಳಗಿನ ಮಗುವಿಗೆ ಆಟದ ನಿಯಮವೆಲ್ಲ ಬೇಕಿಲ್ಲ. ತುಂಬುವುದು, ಬರಿದು ಮಾಡುವುದು ಎರಡೇ ಸಾಕು. ಮೂರು ವರ್ಷಕ್ಕಿಂತ ಚಿಕ್ಕದಾದರೆ ಕಾಳು ಬಾಯಿಗೂ ಮೂಗಿಗೂ ಹೋಗುತ್ತದೆ. ಹುಣಿಸೆಬೀಜದ ಬದಲು ಇಡೀ ಅಡಕೆ ಗೋಟೋ ದೊಡ್ಡ ಬಿಲ್ಲೆಯೋ ಕೊಡಿ. ಗುಲಗಂಜಿಯನ್ನಂತೂ ಯಾವ ವಯಸ್ಸಿನ ಮಗುವಿನ ಕೈಗೂ ಕೊಡಬೇಡಿ, ಅದು ವಿಷ.

ನಮ್ಮ ತೋಟದ ಮನೆಗಳಲ್ಲಿ ವಿಂಗಡಣೆ ಎಂಬುದು ಜೀವನೋಪಾಯ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಬಣ್ಣ ನೋಡಿ, ಗಾತ್ರ ನೋಡಿ, ಮುಟ್ಟಿ ನೋಡಿ ಬೇರ್ಪಡಿಸುವ ಅಜ್ಜನ ಪಕ್ಕದಲ್ಲಿ ಒಂದು ಸಣ್ಣ ಬುಟ್ಟಿಯೊಡನೆ ಮಗುವನ್ನು ಕೂರಿಸಿ. ಅಂಗಡಿಯಲ್ಲಿ ಸಾವಿರಾರು ರೂಪಾಯಿಗೆ ಮಾರುವ ಬಣ್ಣಬಣ್ಣದ ಮರದ ತುಂಡುಗಳು ಮಾಡಿಸುವ ಕೆಲಸವನ್ನು ಆ ಬುಟ್ಟಿ ಮಾಡಿಸುತ್ತದೆ. ಮೆಟ್ಟುಗತ್ತಿ ಮಾತ್ರ ದೂರವಿರಲಿ.

ಬಸ್ಸಿನ ಆಟವನ್ನು ಮರೆಯುವುದುಂಟೆ? ಮಣೆಗಳನ್ನು ಸಾಲಾಗಿ ಇಟ್ಟರೆ ಬಸ್ಸು, ಹಲಸಿನೆಲೆ ಹರಿದರೆ ಟಿಕೇಟು, ಪಾತ್ರೆಯ ಮುಚ್ಚಳ ಚಕ್ರ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಆರಂಭಿಸಿದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತುಹೋದುವು. ಆ ಬಸ್ಸುಗಳನ್ನು ಆಡದ ಮಕ್ಕಳು ಆ ಮೂವತ್ತು ವರ್ಷ ನಮ್ಮ ಕಡೆ ಇರಲಿಲ್ಲ. “ಹರಿಹರಪುರ, ಶೃಂಗೇರಿ, ಶೃಂಗೇರಿ!” ಎಂದು ಕೂಗುವಾಗ ಊರುಗಳ ಅನುಕ್ರಮ, “ಚಿಲ್ಲರೆ ಕೊಡಿ” ಎನ್ನುವಾಗ ಲೆಕ್ಕ, “ಹಿಂದೆ ಸರೀರಿ” ಎನ್ನುವಾಗ ಅಧಿಕಾರದ ಮಾತಿನ ಧಾಟಿ. ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರಲ್ಲಿ ಲೆನಿನ್‌ಗ್ರಾಡಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಕೋಲನ್ನು ಕುದುರೆ ಮಾಡಿಕೊಳ್ಳುವ ಮಗುವಿನ ವಿಷಯ ಎತ್ತಿದರು. ಕಣ್ಣಿಗೆ ಕಾಣುವುದು ಕೋಲು, ಮನಸ್ಸಿನಲ್ಲಿರುವುದು ಕುದುರೆ. ವಸ್ತುವನ್ನು ಬಿಟ್ಟು ಅರ್ಥವನ್ನು ಹಿಡಿಯುವ ಆ ಶಕ್ತಿಯೇ ಮುಂದೆ ಯೋಚನೆಯ ಶಕ್ತಿಯಾಗುತ್ತದೆ ಎಂಬುದು ಅವರ ವಿಚಾರ. ನಾನು ಸೇರಿಸುವುದಿಷ್ಟೆ: ಹಲಸಿನೆಲೆಯನ್ನು ಟಿಕೇಟು ಎಂದು ಒಪ್ಪಿದ ಮಗುವಿಗೆ, ಒಂದು ಗೀಟನ್ನು ‘ಅ’ ಎಂದು ಒಪ್ಪುವುದು ಕಷ್ಟವಾಗುವುದಿಲ್ಲ.

ಒಂದು ಎಚ್ಚರಿಕೆ. ನಮ್ಮಂಥ ಮೇಷ್ಟ್ರುಗಳಿಗೆ ಒಂದು ಚಟವುಂಟು, ಮಗು ಆಡುತ್ತಿರುವಾಗ ಪಕ್ಕದಲ್ಲಿ ಕೂತು “ಇದು ಎಷ್ಟು ಹೇಳು? ಇದು ಯಾವ ಬಣ್ಣ ಹೇಳು?” ಎಂದು ಪೀಡಿಸುವುದು. ಆಟಕ್ಕೆ ಪಾಠದ ಮುಖವಾಡ ಹಾಕಿದ ಗಳಿಗೆಯೇ ಮಗು ಎದ್ದು ಹೋಗುತ್ತದೆ. ನಾನೇ ಎಷ್ಟು ಮಕ್ಕಳನ್ನು ಹಾಗೆ ಎಬ್ಬಿಸಿದ್ದೇನೋ!

ಜರ್ಮನಿಯ ಫ್ರೋಬೆಲ್ ಎಂಬವರು 1837ರಲ್ಲಿ ತೆರೆದ ಶಿಶುಶಾಲೆಗೆ 1840ರಲ್ಲಿ ‘ಮಕ್ಕಳ ತೋಟ’ ಎಂಬ ಅರ್ಥದ ಹೆಸರಿಟ್ಟರು. ಕಿಂಡರ್‌ಗಾರ್ಟನ್ ಎಂಬುದು ಅದೇ. ಈಗ ನಮ್ಮ ಪಟ್ಟಣಗಳಲ್ಲಿ ಆ ಹೆಸರು ಉಂಟು, ತೋಟ ಕಾಣೆ. ನಮ್ಮ ದೇಶದಲ್ಲೇ ತಾರಾಬಾಯಿ ಮೋಡಕ್ ಅವರೂ ಅನುತಾಯಿ ವಾಘ್ ಅವರೂ 1945ರಿಂದ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಡ ಮಕ್ಕಳಿಗಾಗಿ ಕೆಲಸಕ್ಕೆ ತೊಡಗಿದರು. ಮಕ್ಕಳು ಶಾಲೆಯ ಕಟ್ಟಡಕ್ಕೆ ಬಾರದಿದ್ದಾಗ, ಶಾಲೆಯನ್ನೇ ಅವರವರ ಕೇರಿಯ ಅಂಗಳಕ್ಕೆ ಕೊಂಡೊಯ್ದರು. ಅಂಗನವಾಡಿ ಎಂಬ ಹೆಸರಿನ ಬೇರು ಅಲ್ಲಿಯದು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಇಂದು ಊರೂರಿಗೂ ಅಂಗನವಾಡಿ ಉಂಟು, ಸಂತೋಷ. ಆದರೆ ಒಂದೇ ಕೋಣೆಯಲ್ಲಿ ಅಡಿಗೆಯೂ ಆಟವೂ ನಡೆಯುವ, ಬಾಗಿಲು ತೆರೆದರೆ ನೇರ ರಸ್ತೆಯಾಗುವ ಕೇಂದ್ರಗಳನ್ನು ನಾನು ನೋಡಿದ್ದೇನೆ. ಅಂಗಳವಿಲ್ಲದ ಅಂಗನವಾಡಿ! ಅಲ್ಲಿನ ಕಾರ್ಯಕರ್ತೆಯರನ್ನು ದೂರಿ ಫಲವಿಲ್ಲ. ಮೂರರಿಂದ ಎಂಟು ವರ್ಷದವರ ಶಿಕ್ಷಣಕ್ಕಾಗಿ 2022ರಲ್ಲಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಆಟವನ್ನೇ ನಡುವೆ ಇಟ್ಟಿದೆ. ಕಾಗದದ ಮೇಲೆ ಆಟಕ್ಕೆ ಜಾಗ ಸಿಕ್ಕಿದೆ. ನೆಲದ ಮೇಲೆ ಸಿಗಬೇಕಾದರೆ ಊರಿನವರು ಕೈಹಾಕಬೇಕು. ಕೇಂದ್ರದ ಮುಂದೆ ಹತ್ತಡಿ ಅಗಲದ ಒಂದು ತಗಡಿನ ಮಾಡು ಇಳಿಸಿಕೊಡುವುದು, ಒಂದು ಗಾಡಿ ಮರಳು ಹಾಕಿಸುವುದು, ಬೇಲಿ ಕಟ್ಟುವುದು ಒಂದು ಊರಿಗೆ ದೊಡ್ಡ ಮಾತಲ್ಲ. ಒಂದು ಉತ್ಸವದ ಪಟಾಕಿಯ ಖರ್ಚು.

ಮೊಬೈಲಿನ ವಿಷಯ ಕೇಳುವಿರಿ, ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಇದು: ಮೂರು ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಉಸಿರು ಹೆಚ್ಚುವಂತೆ, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು, ಕಡಮೆಯಾದಷ್ಟೂ ಒಳ್ಳೆಯದು. ಆದರೆ ಮಳೆಗಾಲದಲ್ಲಿ ಮಗುವಿಗೆ ಬೇರೆ ಜಾಗವನ್ನೇ ಕೊಡದೆ ಮೊಬೈಲನ್ನು ಕಿತ್ತುಕೊಂಡರೆ ಮಗು ಅಳದೆ ಏನು ಮಾಡೀತು? ಮೊದಲು ಜಾಗ, ಆಮೇಲೆ ನಿಷೇಧ.

ನಮ್ಮ ಮನೆಗೆ ಮತ್ತೆ ಬರುತ್ತೇನೆ. ಮುಂದಿನ ಬೇಸಗೆಯಲ್ಲಿ ಮೇಸ್ತ್ರಿಯನ್ನು ಕರೆಸಿದೆ. “ಅಮ್ಮ, ನೀವೇ ಬೇಡ ಅಂದಿದ್ದಲ್ಲವೆ?” ಎಂದು ಅವರು ನಕ್ಕರು. ನಗಲಿ. ಬಾಗಿಲ ಮುಂದೆ ಎಂಟಡಿ ಅಗಲದ ಮಾಡು ಇಳಿಸಿ, ಮೊಣಕಾಲೆತ್ತರದ ಕಟ್ಟೆ ಕಟ್ಟಿಸಿ, ಒಂದು ಮೂಲೆಯಲ್ಲಿ ಸಿಮೆಂಟಿನ ಇಟ್ಟಿಗೆ ಕೀಳಿಸಿ ಮಣ್ಣು ತುಂಬಿಸಿದೆ. ಮಾಡಿನ ನೀರು ಒಂದೇ ಕಡೆ ಬೀಳುವಂತೆ ದೋಣಿ ಕಟ್ಟಿಸಿದೆ. ಸೊಸೆ ಒಂದು ಸಣ್ಣ ರೇನ್‌ಕೋಟು ತಂದಳು. ಪಕ್ಕದ ಮನೆಯ ಇಬ್ಬರು ಮಕ್ಕಳನ್ನು ನಾನೇ ಹೋಗಿ ಕರೆದೆ; ಒಂಟಿ ಮಗುವಿಗೆ ಎಂಥ ಜಗಲಿಯಾದರೂ ಅರ್ಧ ಜಗಲಿಯೇ. ಮೊದಲ ವಾರ ನಮ್ಮ ಹುಡುಗ ಕಟ್ಟೆಯ ಮೇಲೆ ಕೂತು ಅವರನ್ನು ನೋಡುತ್ತಲೇ ಇದ್ದ. ನಾನು ಬಾಯಿ ಕಚ್ಚಿಕೊಂಡು ಸುಮ್ಮನಿದ್ದೆ. ಎರಡನೆಯ ವಾರ ಇಳಿದ.

ಪುನರ್ವಸು ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ. ಒಳಗೆ ಕಾಫಿ ಸೋಸುತ್ತಿದ್ದೆ. ಜಗಲಿಯಿಂದ ಪಾತ್ರೆಯ ಸದ್ದು. ಬಗ್ಗಿ ನೋಡಿದರೆ ಹುಡುಗ ದೋಣಿಯ ನೀರಿಗೆ ಒಮ್ಮೆ ಚೊಂಬು ಹಿಡಿದ, ತುಂಬಿತು. ಅದನ್ನು ಬದಿಗಿಟ್ಟು ಬಚ್ಚಲಿನಿಂದ ಎಳೆದು ತಂದಿದ್ದ ಹಂಡೆ ಇಟ್ಟ. ಕಾದ. ಬಗ್ಗಿ ನೋಡಿದ. ಮತ್ತೆ ಕಾದ. ಆಮೇಲೆ, ಎರಡು ಪದ ಮೀರದಿದ್ದ ಆ ಬಾಯಿಂದ ಒಂದೇ ಉಸಿರಿಗೆ ಬಂತು: “ಅಜ್ಜೀ, ಚೊಂಬು ಬೇಗ ತುಂಬ್ತು, ಹಂಡೆಗೆ ಇನ್ನೂ ಸಾಕಾಗ್ಲಿಲ್ಲ, ಮಳೆ ಹಂಡೆ ಮೇಲೆ ಮೆಲ್ಲಗೆ ಬೀಳ್ತದಾ?”

ಉತ್ತರ ನಾಲಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ಒಳಗಿನಿಂದ ಇನ್ನೊಂದು ಚೊಂಬು ತಂದು ಅವನ ಕೈಗೆ ಕೊಟ್ಟೆ.